‘ನಾಕಿಂಗ್’ ಬಿಡಿ, ಸದ್ದು ಯಾವಾಗ ಬರುತ್ತೆ ಅದನ್ನು ಹೇಳಿ

ನಮ್ಮ ಗ್ಯಾರೇಜಿಗೆ ಗಾಡಿ ತಂದವರು ಸೀಟಿನಿಂದ ಇಳಿಯುವ ಮೊದಲೇ ಹೇಳುವ ಮಾತು ಒಂದೇ. ‘ನಾಕಿಂಗ್ ಬರ್ತಿದೆ, ಸ್ವಲ್ಪ ನೋಡಿ.’ ಗುಂಡಿಗೆ ಇಳಿದಾಗ ಬರುವ ದಡದಡವೂ ನಾಕಿಂಗ್, ಸ್ಟೇರಿಂಗ್ ತಿರುಗಿಸಿದಾಗ ಬರುವ ಟಕಟಕವೂ ನಾಕಿಂಗ್, ಮಳೆಗಾಲದ ಬೆಳಿಗ್ಗೆ ಬೆಲ್ಟ್ ಚೀಂಯ್ ಅಂದರೆ ಅದೂ ನಾಕಿಂಗೇ. ಡಿಕ್ಕಿಯಲ್ಲಿ ಜಾಕ್ ಸಡಿಲವಾಗಿ ಹೊರಳಾಡುತ್ತಿದ್ದ ಗಾಡಿಗೂ ಇದೇ ಹೆಸರಿಟ್ಟು ತಂದವರಿದ್ದಾರೆ.

ತಪ್ಪು ಅವರದ್ದೊಂದೇ ಅಲ್ಲ. ಇಂಗ್ಲಿಷಿನಲ್ಲೇ ಈ ಪದಕ್ಕೆ ಕೈಗೆ ಬಂದ ಕೆಲಸ ಕೊಟ್ಟಿದ್ದಾರೆ. ಬಾಗಿಲು ಬಡಿದರೂ ನಾಕ್. ಹೊಸ ಬ್ಯಾಟನ್ನು ಮರದ ಸುತ್ತಿಗೆಯಲ್ಲಿ ಬಡಿದು ಹದ ಮಾಡಿದರೂ ನಾಕಿಂಗ್. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಔಟಾಗದೆ 97 ಹೊಡೆದರಲ್ಲ, ಅದೂ ಒಂದು ನಾಕ್. ಆ ಮ್ಯಾಚಿನ ಮಾತು ತೆಗೆದರೆ ನಮ್ಮಲ್ಲಿ ಕೆಲಸ ನಿಲ್ಲುತ್ತದೆ, ಹಾಗಾಗಿ ಮುಂದೆ ಹೋಗೋಣ.

ಮೆಕ್ಯಾನಿಕ್‌ಗೆ ಮಾತ್ರ ನಾಕಿಂಗ್ ಅಂದರೆ ಮೊದಲು ನೆನಪಾಗುವುದು ಒಂದೇ ರೋಗ. ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ ಕಿಡಿ ಹಾರಿಸುತ್ತದೆ, ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ಒತ್ತಡ, ಬಿಸಿ ತಾಳದೆ ತಾನೇ ಹೊತ್ತಿಕೊಂಡರೆ ಒತ್ತಡದ ಅಲೆ ಎದ್ದು, ಗಂಟೆಗೆ ಬಡಿದ ಹಾಗೆ ಎಂಜಿನ್ ಬ್ಲಾಕನ್ನೇ ನಡುಗಿಸುತ್ತದೆ. ಕಿವಿಗೆ ಬೀಳುವುದು ಸಣ್ಣ, ಚೂಪಾದ ಟಿಣಟಿಣ. ಇದನ್ನು ಅಮೆರಿಕದವರು ಪಿಂಗಿಂಗ್ ಅನ್ನುತ್ತಾರೆ, ಇಂಗ್ಲೆಂಡಿನವರು ಪಿಂಕಿಂಗ್. ಈ ಸದ್ದು ಅಡಗಿಸಲಿಕ್ಕೇ 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವುದನ್ನು ಕಂಡುಹಿಡಿದ. ಆ ವಿಷದ ಸೀಸ ನಮ್ಮ ದೇಶದ ಬಂಕುಗಳಿಂದ ಪೂರ್ತಿ ಹೋಗಲು 2000ದ ತನಕ ಕಾಯಬೇಕಾಯಿತು.

ಈಗಿನ ಬಹಳಷ್ಟು ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಬ್ಲಾಕಿಗೆ ಬೋಲ್ಟ್ ಮಾಡಿದ ಸಣ್ಣ ಬಿಲ್ಲೆ, ನಡುಕ ಗೊತ್ತಾದ ತಕ್ಷಣ ಕಂಪ್ಯೂಟರ್ ಕಿಡಿಯನ್ನು ಚೂರು ತಡ ಮಾಡುತ್ತದೆ. ಹಾಗಾಗಿ ಗಾಡಿ ಸರಿಯಿದ್ದರೆ ಆ ಸದ್ದು ನಿಮ್ಮ ಕಿವಿಗೆ ಬೀಳುವುದೇ ಕಡಿಮೆ. ಆದರೂ ಬಾಳೆಬರೆ ಘಾಟಿಯಲ್ಲಿ ಐದು ಜನ, ಏಸಿ, ಡಿಕ್ಕಿ ತುಂಬ ಲಗೇಜು ಹೇರಿಕೊಂಡು ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಅದುಮಿದರೆ ಯಾವ ಸೆನ್ಸರ್ ಎಷ್ಟು ಅಂತ ಕಾಪಾಡೀತು? ಕೆಳಗಿನ ಗೇರಿಗೆ ಹಾಕಿ ಸ್ವಾಮಿ. ಗೇರು ಇಳಿಸಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅನ್ನುವ ಲೆಕ್ಕ ಘಾಟಿಯಲ್ಲಿ ನಡೆಯಲ್ಲ.

ಇದಕ್ಕೆ ಜನ ಮಾಡುವ ಮದ್ದು ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್. ಆಕ್ಟೇನ್ ಅಂದರೆ ಶಕ್ತಿ ಅಲ್ಲ, ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ ಅಷ್ಟೇ. ನಿಜವಾದ ಟಿಣಟಿಣ ಇದ್ದರೆ, ಅದಕ್ಕೆ ಇಂಗಾಲ ಕಟ್ಟಿರುವುದೋ ಎಂಜಿನ್ ಜಾಸ್ತಿ ಬಿಸಿಯಾಗುವುದೋ ಕಾರಣವಾಗಿದ್ದರೆ, ಹೆಚ್ಚು ಆಕ್ಟೇನಿನಿಂದ ಸದ್ದು ತಗ್ಗಬಹುದು, ಕಾರಣ ಹೋಗುವುದಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ತೋಟದ ಯಜಮಾನರು ಅಡಿಕೆ ಕೊಯ್ಲು ಮುಗಿಯುವ ತನಕ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸಿ ಕೊನೆಗೆ ನಮ್ಮಲ್ಲಿ ಬಂದರು. ಹೋಗಿದ್ದು ಮುಂದಿನ ಲಿಂಕ್ ರಾಡ್, ಅಂದರೆ ಚಕ್ರದ ಬಳಿಯ ಸಸ್ಪೆನ್ಷನ್ನಿನ ಒಂದು ಸಣ್ಣ ಸರಳು. ತೋಟದ ಕಚ್ಚಾ ರಸ್ತೆಯ ಏಟಿಗೆ ಅದರ ಬಾಲ್ ಜಾಯಿಂಟ್ ಸವೆದು ಕೈಯಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು. ಅದಕ್ಕೂ ಪೆಟ್ರೋಲಿಗೂ ಏನು ಸಂಬಂಧ? ಬಿಲ್ ನೋಡಿ ಅವರೇ ನಕ್ಕರು, ಪಾಪ, ಒಳ್ಳೆಯ ಮನುಷ್ಯ.

ನನಗೆ ಬೇಕಾದ್ದು ಹೆಸರಲ್ಲ, ಸಂದರ್ಭ. ನಿಂತಾಗಲೂ ಬರುತ್ತಾ, ಓಡುವಾಗ ಮಾತ್ರವಾ? ಏರಿನಲ್ಲಾ, ಗುಂಡಿಯಲ್ಲಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಡೀಸೆಲ್ ಗಾಡಿ ಸ್ವಲ್ಪ ಕಟಕಟ ಅನ್ನುತ್ತೆ, ಬಿಸಿಯಾದ ಮೇಲೆ ತಗ್ಗಿದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಹೊಸನಗರದಿಂದ ಬರುವ ಒಬ್ಬ ಹಳೇ ಜೀಪ್ ಡ್ರೈವರ್, ಈಗ ಮಗನ ಕಾರು ಓಡಿಸುತ್ತಾರೆ, ಇಂಗ್ಲಿಷ್ ಸುದ್ದಿಗೇ ಹೋಗುವುದಿಲ್ಲ. ‘ಪೂರ್ತಿ ಎಡಕ್ಕೆ ತಿರುಗಿಸಿದಾಗ ಬಲಗಡೆ ಚಕ್ರದ ಹತ್ತಿರ ಟಕಟಕ, ನೆಟ್ಟಗೆ ಹೋದರೆ ಇಲ್ಲ’ ಅಂದರು. ಬಗ್ಗಿ ನೋಡಿದರೆ ಆಕ್ಸಲ್‌ನ ರಬ್ಬರ್ ಬೂಟು ಹರಿದು ಗ್ರೀಸು ರಿಮ್ಮಿನ ಒಳಗೆಲ್ಲಾ ಚಿಮ್ಮಿತ್ತು. ಮುಗೀತಲ್ವಾ ಕೆಲಸ! ಕೆಲವರು ಸುಮ್ನೆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಕಳಿಸುತ್ತಾರೆ. ಅದರಲ್ಲಿ ಗಾಳಿ, ಹಾರನ್ನು, ಮನೆಯವರ ಮಾತು ಎಲ್ಲಾ ಇರುತ್ತೆ. ಅದನ್ನು ಕೇಳಿ ರಿಪೇರಿ ಖರ್ಚು ಹೇಳಿ ಅಂದರೆ ನಾನು ಹೇಳಲ್ಲ, ಗಾಡಿ ಓಡಿಸಿ ನೋಡಲೇಬೇಕು.

ಒಂದು ಸದ್ದಿಗೆ ಮಾತ್ರ ಈ ವಿಚಾರಣೆಗೆಲ್ಲಾ ಕಾಯಬೇಡಿ. ಎಂಜಿನ್ ತಳದಿಂದ ದಪ್ಪನೆಯ ಟೊಕ್ ಟೊಕ್, ರೇಸ್ ಕೊಟ್ಟಷ್ಟೂ ಬೇಗ ಬೇಗ, ಜೊತೆಗೆ ಆಯಿಲ್ ದೀಪ ಹತ್ತಿದ್ದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿರುವ ಸಾಧ್ಯತೆ ಇದೆ. ಆಗುಂಬೆಯಲ್ಲೇ ಇದ್ದರೂ ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಟೋ ಗಾಡಿ ಕರೆಸಿ. ‘ಮೆಲ್ಲಗೆ ಓಡಿಸ್ಕೊಂಡು ಬರ್ತೀನಿ’ ಅಂತ ಮಾತ್ರ ಫೋನ್ ಮಾಡಬೇಡಿ.