ಬ್ಲೇಜಾರ್ ಬೆಳಗಿದರೆ ಮೊದಲು ಬಣ್ಣ ನೋಡಿ

ಏಪ್ರಿಲ್ ತಿಂಗಳ ರಾತ್ರಿ ಧಾರವಾಡದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿ ಮಂಡಲ ಎದ್ದು ಕಾಣುತ್ತದೆ. ಅದೇ ಭಾಗದಲ್ಲಿ, ಬರಿಗಣ್ಣಿಗೆ ಸಿಗದಷ್ಟು ಮಸುಕಾಗಿ, ಮಾರ್ಕೇರಿಯನ್ 421 ಎಂಬ ಬ್ಲೇಜಾರ್ ಇದೆ. ನಮ್ಮಿಂದ ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರ. ಎಂ.ಎಸ್ಸಿ. ಹುಡುಗರಿಗೆ ಪ್ರಾಜೆಕ್ಟ್ ಕೊಡುವಾಗ ನಾನು ಹೆಚ್ಚಾಗಿ ಇದನ್ನೇ ಕೊಡುತ್ತೇನೆ. ಉಪಗ್ರಹಗಳ ಡೇಟಾ ಬೇಕಾದಷ್ಟು ಸಿಗುತ್ತದೆ, ಅದೂ ಪುಕ್ಕಟೆ. ಮೊದಲ ಗ್ರಾಫ್ ಬಿದ್ದ ಕೂಡಲೇ ಬರುವ ಪ್ರಶ್ನೆಯೂ ಗೊತ್ತಿರುವುದೇ: "ಸರ್, ಎಕ್ಸ್-ರೇ ಗೆರೆ ಹಿಂಗೆ ಕುಣೀತಿದೆ, ಕಣ್ಣಿಗೆ ಕಾಣೋ ಬೆಳಕಿನ ಗೆರೆ ಮಾತ್ರ ಸುಮ್ನೆ ಕೂತಿದೆ. ಎರಡೂ ಒಂದೇ ವಸ್ತುವಿಂದ ಬಂದಿದ್ದಲ್ವಾ?"

ವಸ್ತು ಒಂದೇ. ಆದರೆ ಬೆಳಕು ಹುಟ್ಟಿಸಿದ ಎಲೆಕ್ಟ್ರಾನ್‌ಗಳು ಬೇರೆ.

ಬ್ಲೇಜಾರ್ ಅಂದರೆ ಒಂದು ಗ್ಯಾಲಕ್ಸಿಯ ನಡುಭಾಗ. ಅಲ್ಲಿ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುಕುಳಿ ಇರುತ್ತದೆ. ಅದರ ಸುತ್ತ ಬಿಸಿ ಅನಿಲದ ತಟ್ಟೆ. ಅನಿಲವೆಲ್ಲ ಒಳಗೆ ಬೀಳುವುದಿಲ್ಲ, ಸ್ವಲ್ಪ ಭಾಗ ಎರಡು ತುದಿಯಿಂದ ಜೆಟ್ ಆಗಿ ಹೊರಗೆ ಚಿಮ್ಮುತ್ತದೆ. ಇಂಥ ಜೆಟ್ ಬೇರೆ ಎಷ್ಟೋ ಗ್ಯಾಲಕ್ಸಿಗಳಲ್ಲೂ ಇದೆ. ಬ್ಲೇಜಾರ್‌ನ ವಿಶೇಷ ಇಷ್ಟೇ: ಒಂದು ಜೆಟ್ ಹೆಚ್ಚುಕಮ್ಮಿ ನೇರವಾಗಿ ನಮ್ಮ ಕಡೆಗೇ ಮುಖ ಮಾಡಿದೆ. ರಾತ್ರಿ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಗದಗ ಕಡೆಯ ಗಾಡಿಗೆ ಕಾದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಡ್‌ಲೈಟ್ ಮುಖಕ್ಕೆ ಬಿದ್ದಾಗ ಹಿಂದಿನ ಡಬ್ಬಿಗಳು ಕಾಣುವುದೇ ಇಲ್ಲ.

ಆದರೆ ಜೆಟ್‌ನ ವೇಗವೇ ಬೇರೆ ಲೆಕ್ಕದ್ದು. ಬೆಳಕಿನ ವೇಗದ ಶೇ 99.5ರಷ್ಟು ವೇಗದಲ್ಲಿ ಅದು ನೇರ ನಮ್ಮ ಕಡೆ ಬರುತ್ತಿದೆ ಅನ್ನೋಣ. ಆಗ ನಮಗೆ ಬರುವ ಬೆಳಕಿನ ಆವೃತ್ತಿ 20 ಪಟ್ಟು ಹೆಚ್ಚುತ್ತದೆ. ಹೊಳಪು ಈ 20ರ ಘನದಷ್ಟು, ಅಂದರೆ 8,000 ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಏರುತ್ತದೆ. ಅದೇ ಜೆಟ್ ಸುಮಾರು 6 ಡಿಗ್ರಿ ಪಕ್ಕಕ್ಕೆ ವಾಲಿದರೆ ಆ 20 ಇದ್ದದ್ದು 10 ಆಗುತ್ತದೆ, ಹೊಳಪು ಎಂಟರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಒಳಗೆ ಏನೂ ಬದಲಾಗಿಲ್ಲ, ಬರೀ ದಿಕ್ಕು ಬದಲಾಗಿದೆ!

ಹೀಗಾಗಿ ಬ್ಲೇಜಾರ್ ಬೆಳಗಿದೆ ಎಂಬ ಸುದ್ದಿ ಬಂದಾಗ ನಾನು ಮೊದಲು ನೋಡುವುದು ಎಷ್ಟು ಬೆಳಗಿತು ಅಂತಲ್ಲ, ಯಾವ ಬಣ್ಣದಲ್ಲಿ ಎಷ್ಟು ಅಂತ. ಬಣ್ಣ ಅಂದರೆ ಇಲ್ಲಿ ರೇಡಿಯೊದಿಂದ ಗಾಮಾ ಕಿರಣದವರೆಗೆ ಎಲ್ಲವೂ ಸೇರಿತು. ಜೆಟ್ ತಿರುಗಿದ್ದಕ್ಕೆ ಬೆಳಗಿದ್ದರೆ ಅಕ್ಕಪಕ್ಕದ ಬಣ್ಣಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಏರಬೇಕು, ಒಟ್ಟಿಗೇ ಇಳಿಯಬೇಕು. ಒಂದು ಬಣ್ಣ ಮುಂದೆ ಓಡಿ ಇನ್ನೊಂದು ಹಿಂದೆ ಉಳಿದರೆ, ಒಳಗಿನ ಎಲೆಕ್ಟ್ರಾನ್‌ಗಳಲ್ಲೇ ಏನೋ ಆಗಿದೆ.

ಏನಾಗುತ್ತದೆ? ಜೆಟ್‌ನಲ್ಲಿ ಹಿಂದಿನಿಂದ ಬಂದ ವೇಗದ ಭಾಗ ಮುಂದಿನ ನಿಧಾನ ಭಾಗಕ್ಕೆ ಗುದ್ದಿ ಆಘಾತದ ಅಲೆ ಏಳುತ್ತದೆ. ಆ ಅಲೆ ಎಲೆಕ್ಟ್ರಾನ್‌ಗಳಿಗೆ ಭಾರಿ ಶಕ್ತಿ ತುಂಬುತ್ತದೆ. ಶಕ್ತಿ ತುಂಬಿದ ಎಲೆಕ್ಟ್ರಾನ್ ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುತ್ತಾ ಬೆಳಕು ಚೆಲ್ಲುತ್ತದೆ. ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣ ಅನ್ನುತ್ತೇವೆ. ಶಕ್ತಿ ಜಾಸ್ತಿ ಇದ್ದವು ಎಕ್ಸ್-ರೇ ಕೊಡುತ್ತವೆ, ಕಡಿಮೆ ಇದ್ದವು ಕಣ್ಣಿಗೆ ಕಾಣುವ ಬೆಳಕು, ಇನ್ನೂ ಕಡಿಮೆ ಇದ್ದವು ರೇಡಿಯೊ. ಜಾಸ್ತಿ ದುಡಿದವರು ಬೇಗ ಖರ್ಚು ಮಾಡಿ ಮುಗಿಸುವುದೂ ಇಲ್ಲೇ. ಒಂದೇ ಜಾಗದಲ್ಲಿ ಎಕ್ಸ್-ರೇ ಕೊಡುವ ಎಲೆಕ್ಟ್ರಾನ್, ಕಾಣುವ ಬೆಳಕು ಕೊಡುವ ಎಲೆಕ್ಟ್ರಾನ್‌ಗಿಂತ ಸುಮಾರು 20 ಪಟ್ಟು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಹುಡುಗರ ಗ್ರಾಫಿನಲ್ಲಿ ಎಕ್ಸ್-ರೇ ಗೆರೆ ಕುಣಿಯುವುದು ಇದಕ್ಕೇ. ಬೆಳಕಿನ ಗೆರೆ ತೀರಾ ಸಪ್ಪೆಯಾಗಿರಲು ಇನ್ನೊಂದು ಕಾರಣವೂ ಇದೆ. ಮಾರ್ಕೇರಿಯನ್ 421 ಹತ್ತಿರದ್ದು, ಅದರ ತಾಯಿ ಗ್ಯಾಲಕ್ಸಿಯ ಬೆಳಕೂ ನಮ್ಮ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಅದು ಎಂದೂ ಬದಲಾಗದ ಬೆಳಕು, ಕಳೆಯದೆ ಬಿಟ್ಟರೆ ಏರಿಳಿತವೆಲ್ಲ ಸಣ್ಣದಾಗಿ ಕಾಣುತ್ತದೆ.

ಬ್ಲೇಜಾರ್‌ನ ಪೂರ್ತಿ ವರ್ಣಪಟಲ ಬಿಡಿಸಿದರೆ ಎರಡು ಗುಡ್ಡ ಕಾಣುತ್ತವೆ. ಮೊದಲನೆಯದು ಸಿಂಕ್ರೊಟ್ರಾನ್. ಎರಡನೆಯದು ಗಾಮಾ ಕಿರಣದ ಕಡೆ. ಅದೇ ಎಲೆಕ್ಟ್ರಾನ್‌ಗಳು ಸುತ್ತಲಿನ ಬೆಳಕಿನ ಕಣಗಳಿಗೆ ಡಿಕ್ಕಿ ಕೊಟ್ಟು ಅವುಗಳ ಶಕ್ತಿ ಏರಿಸುವುದರಿಂದ ಬರುವ ಗುಡ್ಡ ಅದು. ಡಿಕ್ಕಿ ತಿನ್ನುವ ಬೆಳಕೂ ಆ ಎಲೆಕ್ಟ್ರಾನ್‌ಗಳದ್ದೇ ಆಗಿದ್ದರೆ ಮಜಾ ಇದೆ: ಎಲೆಕ್ಟ್ರಾನ್ ಸಂಖ್ಯೆ ಎರಡು ಪಟ್ಟಾದರೆ ಮೊದಲ ಗುಡ್ಡ ಎರಡು ಪಟ್ಟು, ಎರಡನೇ ಗುಡ್ಡ ನಾಲ್ಕು ಪಟ್ಟು ಏಳುತ್ತದೆ.

ಈ ಗುಡ್ಡಗಳ ತುದಿ ಎಲ್ಲಾ ಬ್ಲೇಜಾರ್‌ಗಳಲ್ಲಿ ಒಂದೇ ಕಡೆ ಇಲ್ಲ. ಓದುಗರು ಎಡವುವುದು ಹೆಚ್ಚಾಗಿ ಇಲ್ಲೇ. ಮಾರ್ಕೇರಿಯನ್ 421ರಲ್ಲಿ ಮೊದಲ ತುದಿ ಎಕ್ಸ್-ರೇನಲ್ಲಿದೆ. ಕನ್ಯಾ ರಾಶಿಯಲ್ಲಿರುವ 3ಸಿ 279ರಲ್ಲಿ ಅದು ಅವರೋಹಿತ (ಇನ್‌ಫ್ರಾರೆಡ್) ಕಿರಣದ ಆಸುಪಾಸು. ಅಂದರೆ ಒಂದೇ ಫಿಲ್ಟರ್ ಹಾಕಿ ನೋಡಿದರೂ ಮೊದಲನೆಯದರಲ್ಲಿ ಗುಡ್ಡ ಹತ್ತುವ ದಾರಿ ಕಾಣುತ್ತದೆ, ಎರಡನೆಯದರಲ್ಲಿ ಇಳಿಯುವ ದಾರಿ. ಇಳಿಜಾರಿನಲ್ಲಿರುವವು ಶಕ್ತಿ ಜಾಸ್ತಿ ಇರುವ ಎಲೆಕ್ಟ್ರಾನ್‌ಗಳು. ಅದಕ್ಕೇ 3ಸಿ 279 ಕಾಣುವ ಬೆಳಕಿನಲ್ಲೂ ಜೋರಾಗಿ ಏರಿಳಿಯುತ್ತದೆ, ಬಹಳ ಸಲ ಗಾಮಾ ಕಿರಣದ ಜೊತೆಜೊತೆಗೇ. "ಬ್ಲೇಜಾರ್‌ಗಳು ಕಾಣುವ ಬೆಳಕಿನಲ್ಲಿ ಹೀಗೆ ವರ್ತಿಸುತ್ತವೆ" ಎಂದು ಯಾರಾದರೂ ಒಂದೇ ಮಾತಿನಲ್ಲಿ ಹೇಳಿದರೆ ಯಾವ ಬ್ಲೇಜಾರ್ ಅಂತ ಕೇಳಿ.

ಬಣ್ಣದ ವಿಷಯದಲ್ಲೂ ಅಷ್ಟೇ. ಮಾರ್ಕೇರಿಯನ್ ಥರದವು ಬೆಳಗಿದಂತೆ ಸಾಮಾನ್ಯವಾಗಿ ನೀಲಿಯ ಕಡೆ ಸರಿಯುತ್ತವೆ, ಹೊಸ ಎಲೆಕ್ಟ್ರಾನ್‌ಗಳಲ್ಲಿ ಶಕ್ತಿ ಜಾಸ್ತಿ. ತಟ್ಟೆ ಜೋರಾಗಿ ಹೊಳೆಯುವ ಕ್ವೇಸಾರ್ ಥರದವು ಎಷ್ಟೋ ಸಲ ಉಲ್ಟಾ, ಬೆಳಗಿದಂತೆ ಕೆಂಪಾಗುತ್ತವೆ. ಜೆಟ್ ಮಂಕಾಗಿದ್ದಾಗ ತಟ್ಟೆಯ ನೀಲಿ ಬೆಳಕು ಕಾಣುತ್ತಿರುತ್ತದೆ. ಜೆಟ್ ಏರಿದಾಗ ಅದರ ಕೆಂಪು ಆ ನೀಲಿಯನ್ನು ಮುಳುಗಿಸುತ್ತದೆ.

ರೇಡಿಯೊ ಸಾಮಾನ್ಯವಾಗಿ ತಡ. ಬುಡದಲ್ಲಿ ಜೆಟ್ ಎಷ್ಟು ದಟ್ಟವೆಂದರೆ ರೇಡಿಯೊ ಅಲೆಗಳನ್ನು ತಾನೇ ನುಂಗಿಬಿಡುತ್ತದೆ. ಬೆಳಗಿದ ಭಾಗ ಒಂದು ಉಂಡೆಯಂತೆ ಮುಂದೆ ಸಾಗಿ ಹಿಗ್ಗಿ ತೆಳುವಾದ ಮೇಲೆಯೇ ಅವು ಹೊರಬರುವುದು. ಗಾಮಾ ಕಿರಣದ ಸ್ಫೋಟವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ ರೇಡಿಯೊ ಏರಿದ ಉದಾಹರಣೆಗಳಿವೆ. ಈ ತಡವೇ ನಮಗೆ ಅಳತೆಗೋಲು. ಎಷ್ಟು ದೊಡ್ಡ ದೂರದರ್ಶಕ ತಂದರೂ ಕಾಣುವ ಬೆಳಕಿನಲ್ಲಿ ಜೆಟ್‌ನ ಬುಡ ಒಂದು ಚುಕ್ಕೆಯೇ. ಯಾವ ಬೆಳಕು ಎಲ್ಲಿ ಹುಟ್ಟಿತು ಎಂಬುದನ್ನು ಹೆಚ್ಚಾಗಿ ಈ ತಡದಿಂದಲೇ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಲೆಕ್ಕಕ್ಕೆ ಬಗ್ಗದವು ಇವೆ. 2006ರ ಜುಲೈನಲ್ಲಿ ಪಿಕೆಎಸ್ 2155-304 ಎಂಬ ಬ್ಲೇಜಾರ್ ಅತಿ ಶಕ್ತಿಯ ಗಾಮಾ ಕಿರಣದಲ್ಲಿ ಮೂರ್ನಾಲ್ಕು ನಿಮಿಷಗಳಲ್ಲಿ ಹೊಳಪು ಬದಲಿಸಿತು. ಯಾವ ವಸ್ತುವೂ ತನ್ನನ್ನು ಬೆಳಕು ದಾಟುವ ಹೊತ್ತಿಗಿಂತ ಬೇಗ ಒಟ್ಟಾಗಿ ಹೊಳಪು ಬದಲಿಸಲಾರದು. 100 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯ ತ್ರಿಜ್ಯವನ್ನು ದಾಟಲು ಬೆಳಕಿಗೇ ಎರಡು ಮುಕ್ಕಾಲು ಗಂಟೆ ಬೇಕು! ಜೆಟ್‌ನ ವೇಗ ಕಾಲವನ್ನು ಕುಗ್ಗಿಸಿ ತೋರಿಸುತ್ತದೆ, ನಿಜ. ಆದರೆ ಮಾಮೂಲಿ ವೇಗದ ಲೆಕ್ಕ ಇಲ್ಲಿ ಸಾಲುವುದಿಲ್ಲ. ಜೆಟ್‌ನೊಳಗೇ ಇನ್ನೂ ವೇಗದ ಸಣ್ಣ ಜೆಟ್‌ಗಳಿವೆಯೇ ಎಂಬ ಚರ್ಚೆ ಶುರುವಾಗಿದ್ದು ಇಂಥ ಘಟನೆಗಳಿಂದಲೇ. 2002ರಲ್ಲಿ 1ಇಎಸ್ 1959+650 ಗಾಮಾ ಕಿರಣದಲ್ಲಿ ಭುಗಿಲೆದ್ದಾಗ ಎಕ್ಸ್-ರೇ ತಣ್ಣಗೆ ಕೂತಿತ್ತು. ಒಂದೇ ಗುಂಪಿನ ಎಲೆಕ್ಟ್ರಾನ್‌ಗಳಿಂದ ಇದನ್ನು ವಿವರಿಸುವುದು ಕಷ್ಟ. ಪ್ರೋಟಾನ್‌ಗಳ ಪಾತ್ರವೂ ಇದೆಯೇ? 2017ರ ಸೆಪ್ಟೆಂಬರ್ 22ರಂದು ಅಂಟಾರ್ಕ್ಟಿಕದ ಐಸ್‌ಕ್ಯೂಬ್ ಪತ್ತೆಯಂತ್ರಕ್ಕೆ ಸಿಕ್ಕ ಒಂದು ನ್ಯೂಟ್ರಿನೊ (ಏನನ್ನೂ ಸುಲಭವಾಗಿ ತಾಕದೆ ತೂರಿ ಬರುವ ಸಣ್ಣ ಕಣ) ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್‌ನ ದಿಕ್ಕಿನಿಂದ ಬಂದಿತ್ತು, ಆಗ ಅದು ಗಾಮಾ ಕಿರಣದಲ್ಲಿ ಬೆಳಗುತ್ತಿತ್ತು. ಇಷ್ಟು ಶಕ್ತಿಯ ನ್ಯೂಟ್ರಿನೊ ಹುಟ್ಟಲು ಭಾರಿ ವೇಗದ ಪ್ರೋಟಾನ್ ಬೇಕು. ಹಾಗಾಗಿ ನಾನು ಆ ಸಾಧ್ಯತೆಯನ್ನು ತಳ್ಳಿಹಾಕುವುದಿಲ್ಲ.

ಎಲ್ಲಾ ಬಣ್ಣದ ಅಳತೆ ಒಂದೇ ಹೊತ್ತಿನದಾಗಿರಬೇಕು, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ನಮ್ಮ ಆಸ್ಟ್ರೋಸ್ಯಾಟ್ 2015ರಲ್ಲಿ ಮೇಲೆ ಹೋದದ್ದು ಇದಕ್ಕೆ ದೊಡ್ಡ ಅನುಕೂಲ ಮಾಡಿತು. ಅತಿನೇರಳೆಯಿಂದ ಗಡುಸು ಎಕ್ಸ್-ರೇವರೆಗೆ ಒಂದೇ ಉಪಗ್ರಹ ಒಂದೇ ಹೊತ್ತಿಗೆ ನೋಡಬಲ್ಲದು. ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಗಾಮಾ ಕಿರಣಕ್ಕೆ ಈಗ ಅಲ್ಲೇ 21 ಮೀಟರ್‌ನ ಮೇಸ್ ದೂರದರ್ಶಕ ಇದೆ.

ಇನ್ನು 'ಇಷ್ಟು ದಿನಕ್ಕೊಮ್ಮೆ ಬೆಳಗುತ್ತದೆ' ಎಂಬ ಪ್ರಬಂಧಗಳು. ಇವುಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಬ್ಲೇಜಾರ್‌ನ ಗೊತ್ತುಗುರಿಯಿಲ್ಲದ ಏರಿಳಿತದಲ್ಲಿ ನಿಧಾನದ ಅಲೆಗಳೇ ದೊಡ್ಡವು. ಅಂಥದ್ದರಲ್ಲಿ ಎರಡು ಮೂರು ಸುತ್ತು ನಿಯಮಿತವಾಗಿ ಕಾಣುವುದು ಸುಲಭ. ಒಜೆ 287 ಎಂಬ ಬ್ಲೇಜಾರ್‌ನ ಸುಮಾರು 12 ವರ್ಷದ ಚಕ್ರಕ್ಕೆ 19ನೇ ಶತಮಾನದ ಫೋಟೋ ಪ್ಲೇಟ್‌ಗಳವರೆಗೆ ಹೋಗುವ ದಾಖಲೆ ಇದೆ, ಆದ್ದರಿಂದ ಅದರ ಮಾತು ಬೇರೆ. ಅಲ್ಲೂ 2022ರಲ್ಲಿ ಬರಬೇಕಿದ್ದ ಸ್ಫೋಟ ಬಂತೋ ಇಲ್ಲವೋ ಅಂತ ತಂಡಗಳು ಕಿತ್ತಾಡಿದವು. ಪ್ರತಿ ವರ್ಷ ಆಗಸ್ಟ್ ಆಸುಪಾಸು ಅದು ಸೂರ್ಯನ ಹತ್ತಿರ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಧಾರವಾಡದವರಿಗೆ ಆಗ ಹೇಗೂ ಮಳೆ, ಕಳೆದುಕೊಳ್ಳುವುದೇನಿಲ್ಲ.

8 ಇಂಚಿನ ದೂರದರ್ಶಕ, ಒಂದು ಸಿಸಿಡಿ ಕ್ಯಾಮೆರಾ ಇದ್ದವರು ಮಾರ್ಕೇರಿಯನ್ 421 ಅಳೆಯಬಹುದು. ಹುಬ್ಬಳ್ಳಿಯ ದೀಪಗಳಿಂದ ದೂರ, ಕಪ್ಪತಗುಡ್ಡದ ಕಡೆ ಹೋದರೆ ಇನ್ನೂ ಒಳ್ಳೆಯದು. ಪಕ್ಕದಲ್ಲೇ 51 ಉರ್ಸಾ ಮೇಜೋರಿಸ್ ಎಂಬ ಹೊಳೆಯುವ ನಕ್ಷತ್ರ ಇದೆ, ಅದರ ಬೆಳಕು ಚೆಲ್ಲದಂತೆ ಎಕ್ಸ್‌ಪೋಷರ್ ಚಿಕ್ಕದಿಡಿ. ಒಂದೇ ಫಿಲ್ಟರ್ ಸಾಲದು, ಒಂದೇ ರಾತ್ರಿ ನೀಲಿ ಮತ್ತು ಕೆಂಪು ಎರಡರಲ್ಲೂ ತೆಗೆಯಿರಿ. ಅದೇ ಫ್ರೇಮಿನ ಸ್ಥಿರ ನಕ್ಷತ್ರಗಳ ಜೊತೆ ಹೋಲಿಸಿ, ಅಳತೆಯನ್ನು ಹೊಳಪು ಬದಲಿಸುವ ನಕ್ಷತ್ರಗಳ ಅಳತೆ ಕಲೆಹಾಕುವ ಎಎವಿಎಸ್‌ಒ ಸಂಸ್ಥೆಯ ದತ್ತಾಂಶಕ್ಕೆ ಸೇರಿಸಿ. ಎಲ್ಲಾ ಫ್ರೇಮ್‌ಗಳಿಗೂ ಒಂದೇ ಅಳತೆಯ ಅಪರ್ಚರ್ (ಬೆಳಕು ಲೆಕ್ಕ ಹಾಕಲು ಚುಕ್ಕೆಯ ಸುತ್ತ ಹಾಕುವ ವೃತ್ತ) ಬಳಸಿ, ಅದನ್ನು ಬರೆದಿಡುವುದನ್ನು ಮರೆಯಬೇಡಿ. ತಾಯಿ ಗ್ಯಾಲಕ್ಸಿಯ ಬೆಳಕನ್ನು ಕಳೆಯುವವರು ಮೊದಲು ಕೇಳುವುದು ಅದನ್ನೇ.