ತಣ್ಣೀರು ಸುಡುವಂತೆ ಮಾಡುವ ಮೀನು: ಸಿಗ್ವಟೆರಾ ವಿಷದ ಹಿನ್ನೆಲೆ

ಮಂಗಳೂರಿನಲ್ಲಿ 2016ರಲ್ಲಿ ಕೆಂಬೇರಿ (ರೆಡ್ ಸ್ನ್ಯಾಪರ್) ಜಾತಿಯ ಮೀನು ತಿಂದವರು ಗುಂಪಾಗಿ ಅಸ್ವಸ್ಥರಾದರು. ಅದರ ಹಿಂದಿನ ವರ್ಷ ತಿರುವನಂತಪುರದಲ್ಲೂ ಇಂಥದೇ ಪ್ರಕರಣ ನಡೆದಿತ್ತು. ಎರಡೂ ಕಡೆಯ ಮೀನನ್ನು ಪರೀಕ್ಷಿಸಿದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಅದರಲ್ಲಿ ಸಿಗ್ವಟೆರಾ ಕಾಯಿಲೆ ತರುವ ಸಿಗ್ವಟಾಕ್ಸಿನ್ ಎಂಬ ವಿಷ ಇರುವುದನ್ನು ದೃಢಪಡಿಸಿದರು. ನಮ್ಮ ಕರಾವಳಿಗೆ ಹೊಸದೆನಿಸಿದ ಈ ಕಾಯಿಲೆಯನ್ನು ಪೆಸಿಫಿಕ್ ಮತ್ತು ಕೆರಿಬಿಯನ್ ದ್ವೀಪಗಳ ಜನ ಶತಮಾನಗಳಿಂದ ಬಲ್ಲರು. 1774ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರೂ ಅದಕ್ಕೆ ತುತ್ತಾಗಿದ್ದರು.

ಮೀನು ಹಳಸಿದ್ದರಿಂದ ಬರುವ ತೊಂದರೆ ಇದಲ್ಲ. ಹವಳದ ದಿಬ್ಬಗಳ ಪಾಚಿಗೆ ಅಂಟಿಕೊಂಡು ಬದುಕುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಏಕಕೋಶ ಜೀವಿಯಲ್ಲಿ ವಿಷ ಹುಟ್ಟುತ್ತದೆ. ಪಾಚಿ ಮೇಯುವ ಸಣ್ಣ ಮೀನಿನಿಂದ ಅದು ದೊಡ್ಡ ಬೇಟೆಗಾರ ಮೀನಿನ ಮೈ ಸೇರಿ, ವರ್ಷಗಳು ಕಳೆದಂತೆ ಶೇಖರವಾಗುತ್ತದೆ. ವಿಷದ ಮೂಲವು ಪಾಚಿಯಲ್ಲಿರಬೇಕೆಂದು 1958ರಲ್ಲಿ ಮೀನುತಜ್ಞ ಜಾನ್ ರ‍್ಯಾಂಡಲ್ ಊಹಿಸಿದ್ದರೂ, ಆ ಜೀವಿ ಕೈಗೆ ಸಿಕ್ಕಿದ್ದು 1970ರ ದಶಕದ ಉತ್ತರಾರ್ಧದಲ್ಲಿ, ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯರ್ ದ್ವೀಪಗಳಲ್ಲಿ. ಅಲ್ಲಿ ಕಾಯಿಲೆ ಏಕಾಏಕಿ ಹೆಚ್ಚಿದ್ದು 1960ರ ದಶಕದ ಕೊನೆಗೆ. ಅಣ್ವಸ್ತ್ರ ಪರೀಕ್ಷೆಯ ಸಿದ್ಧತೆಗಾಗಿ ದಿಬ್ಬಗಳನ್ನು ಒಡೆದು ಕಾಮಗಾರಿ ನಡೆಸಿದ ಕಾಲವದು. ಸತ್ತ ಹವಳದ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಯ ಮೇಲೆ ಈ ಜೀವಿ ನೆಲೆಯೂರುತ್ತದೆ.

ವಿಷದ ರಚನೆಯನ್ನು ಬಿಡಿಸಿದವರು ಜಪಾನಿನ ತಾಕೆಶಿ ಯಾಸುಮೊಟೊ ಮತ್ತು ಸಂಗಡಿಗರು. 1989ರಲ್ಲಿ ಪ್ರಕಟವಾದ ಆ ಕೆಲಸಕ್ಕೆ ಸುಮಾರು ನಾಲ್ಕು ಟನ್ ಮೊರೆ ಈಲ್ ಮೀನು ಬೇಕಾಯಿತು; ದೊರೆತ ಶುದ್ಧ ವಿಷ 0.35 ಮಿಲಿಗ್ರಾಂ. ಇಷ್ಟು ಅತ್ಯಲ್ಪ ಪ್ರಮಾಣದ ವಸ್ತು ಮನುಷ್ಯನನ್ನು ಹೇಗೆ ಕೆಡವುತ್ತದೆ ಎಂಬುದಕ್ಕೆ ಉತ್ತರ ನರಕೋಶದ ಪೊರೆಯಲ್ಲಿದೆ.

ನರಕೋಶ ವಿಶ್ರಾಂತಿಯಲ್ಲಿರುವಾಗ ಪೊರೆಯ ಸೋಡಿಯಂ ಮಾರ್ಗಗಳು ಮುಚ್ಚಿರುತ್ತವೆ. ಸಂಕೇತ ಬಂದಾಗ ಕ್ಷಣಮಾತ್ರ ತೆರೆದು ಮತ್ತೆ ಮುಚ್ಚುತ್ತವೆ. ಸಿಗ್ವಟಾಕ್ಸಿನ್ ಈ ಮಾರ್ಗದ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡರೆ, ಚಿಲಕ ಸಡಿಲಾದ ಬಾಗಿಲಿನಂತೆ ಅದು ಯಾವ ಸಂಕೇತವೂ ಇಲ್ಲದೆಯೇ ತೆರೆದುಕೊಳ್ಳುತ್ತದೆ. ಸೋಡಿಯಂ ಒಳನುಗ್ಗಿ ನರ ತಾನೇ ತಾನಾಗಿ ಮಿಡಿಯತೊಡಗುತ್ತದೆ. ಹಿಂದೆಯೇ ನೀರೂ ಸೇರಿ ನರತಂತುವಿನ ಸಂದುಗಳು ಊದಿಕೊಳ್ಳುತ್ತವೆ. ಮೈಯುಬ್ಬಿಸುವ ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇದೇ ಮಾರ್ಗವನ್ನು ಮುಚ್ಚಿ ನರವನ್ನು ಸುಮ್ಮನಾಗಿಸುತ್ತದೆ; ಸಿಗ್ವಟಾಕ್ಸಿನ್‌ನ ಕೆಲಸ ತದ್ವಿರುದ್ಧ. ವಾಂತಿ-ಭೇದಿಯ ಜೊತೆಗೋ ಅದರ ಬೆನ್ನಿಗೋ ತುಟಿ, ಬೆರಳ ತುದಿಗಳು ಜುಮ್ಮೆನ್ನುತ್ತವೆ, ಹಲ್ಲು ಅಲುಗಾಡುವಂತೆ ಭಾಸವಾಗುತ್ತದೆ, ಮೈ ತುರಿಸುತ್ತದೆ, ತಣ್ಣೀರು ಮುಟ್ಟಿದರೆ ಸುಟ್ಟಂತೆ ಉರಿಯುತ್ತದೆ. ಶೀತ ಹೀಗೆ ಉರಿಯಾಗುವುದರಲ್ಲಿ ಟಿಆರ್‌ಪಿಎ1 ಎಂಬ ಇನ್ನೊಂದು ಮಾರ್ಗಕ್ಕೂ ಪಾತ್ರವಿದೆ ಎಂದು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಈ ಲಕ್ಷಣಗಳು ಕೆಲವರನ್ನು ವಾರ, ತಿಂಗಳುಗಟ್ಟಲೆ ಕಾಡುತ್ತವೆ. ಮತ್ತೆ ಮೀನು ತಿಂದರೆ, ಮದ್ಯ ಕುಡಿದರೆ ಮರುಕಳಿಸಬಹುದು.

ಇಷ್ಟು ತಿಳಿದ ಮೇಲೂ ಪ್ರತಿವಿಷ ಸಿದ್ಧವಾಗಿಲ್ಲ. ರಕ್ತನಾಳಕ್ಕೆ ಮ್ಯಾನಿಟಾಲ್ ಎಂಬ ಔಷಧ ಕೊಟ್ಟರೆ ಬೇಗ ಗುಣವಾಗುತ್ತದೆಂಬ ವರದಿ 1988ರಲ್ಲಿ ಮಾರ್ಷಲ್ ದ್ವೀಪಗಳಿಂದ ಬಂದಿತ್ತು. ಆದರೆ 2002ರಲ್ಲಿ ಪ್ರಕಟವಾದ, ಯಾರಿಗೆ ಯಾವುದು ಕೊಟ್ಟದ್ದೆಂದು ರೋಗಿಗೂ ವೈದ್ಯರಿಗೂ ತಿಳಿಸದೆ ನಡೆಸಿದ ಅಧ್ಯಯನದಲ್ಲಿ ಅದು ಉಪ್ಪುನೀರಿನ ಡ್ರಿಪ್‌ಗಿಂತ ಮೇಲೆಂದು ಕಾಣಲಿಲ್ಲ. ಆದ್ದರಿಂದ ಇರುವ ದಾರಿಯೆಂದರೆ ತಡೆಗಟ್ಟುವುದು, ಅದೂ ಮೀನು ಅಡುಗೆಮನೆಗೆ ಬರುವ ಮೊದಲೇ. ಬೇಯಿಸಿದರೂ, ಹುರಿದರೂ, ಉಪ್ಪು ಹಾಕಿ ಒಣಗಿಸಿದರೂ, ಐಸ್‌ನಲ್ಲಿಟ್ಟರೂ ಈ ವಿಷ ನಾಶವಾಗದು. ಬಣ್ಣ, ವಾಸನೆ, ರುಚಿಯಿಂದ ಗುರುತು ಸಿಗದು. ಅಮೆರಿಕ ತನ್ನ ಮಾರ್ಗದರ್ಶಿಯಲ್ಲಿ ಪೆಸಿಫಿಕ್ ಸಿಗ್ವಟಾಕ್ಸಿನ್‌ಗೆ ಇಟ್ಟಿರುವ ಮಿತಿ ಒಂದು ಕಿಲೋ ಮೀನಿಗೆ 0.01 ಮೈಕ್ರೊಗ್ರಾಂ. ಅಷ್ಟು ಸೂಕ್ಷ್ಮ ಪರೀಕ್ಷೆಯನ್ನು ದಕ್ಕೆಯಲ್ಲಿ ನಿಂತು ಮಾಡಲಾಗದು. ಆದರೆ ದೊಡ್ಡ ಕೆಂಬೇರಿ ಯಾವ ನೀರಿನಿಂದ ಬಂತೆಂದು ಬರೆದಿಡಲು ಪ್ರಯೋಗಾಲಯ ಬೇಕಿಲ್ಲ, ಮತ್ತು ಅಂಥ ದಾಖಲೆ ಮೀನಿನ ಜೊತೆಗೇ ಮಾರುಕಟ್ಟೆಯವರೆಗೆ ಬರಬೇಕು.

ವಿಷ ಹೆಚ್ಚು ಸೇರಿರುವುದು ಯಕೃತ್ತು, ಕರುಳು, ಮೊಟ್ಟೆ, ತಲೆಗಳಲ್ಲಿ. ತಲೆಯ ಸಾರನ್ನು ಮೆಚ್ಚುವ ನಮ್ಮ ಕರಾವಳಿಯ ಮನೆಗಳಿಗೆ ಈ ಮಾತು ತಲುಪಬೇಕು. ಮೀನೂಟದ ನಂತರ ತುಟಿ ಜುಮ್ಮೆಂದು, ತಣ್ಣೀರು ಉರಿದರೆ ಆಸ್ಪತ್ರೆಗೆ ಹೋಗಿ, ತಿಂದ ಮೀನು ಯಾವುದೆಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಉಳಿದ ತುಂಡಿದ್ದರೆ ಎಸೆಯದೆ ಫ್ರೀಜರ್‌ನಲ್ಲಿ ಇಡಬೇಕು, ಏಕೆಂದರೆ ಕಾಯಿಲೆಯನ್ನು ಖಚಿತಪಡಿಸಲು ಪರೀಕ್ಷಿಸುವುದು ಆ ಮೀನನ್ನೇ.