ಹೆಸರು ಎಷ್ಟನೆಯದು, ಪಾಲು ಎಷ್ಟು? ಸಂಶೋಧನಾ ಪೇಪರಿನ ಕರ್ತೃತ್ವ ಅಳೆಯುವ ಬಗೆ

ಪಿಎಚ್‌ಡಿಯವರ ಆರ್‌ಪಿಇ (ಸಂಶೋಧನೆ ಮತ್ತು ಪ್ರಕಟಣಾ ನೀತಿ) ಕೋರ್ಸಿನಲ್ಲಿ ಕರ್ತೃತ್ವದ ವಿಷಯ ಎರಡು ಕಡೆ ಬರುತ್ತದೆ. ಲೇಖಕ ಅಂತ ಯಾರನ್ನು ಕರೆಯಬೇಕು ಎಂಬುದು ಪ್ರಕಟಣಾ ನೀತಿಯ ಘಟಕದಲ್ಲಿದೆ. ಲೇಖಕರ ಕೆಲಸವನ್ನು ಅಂಕಿಯಲ್ಲಿ ಅಳೆಯುವುದು ಕೊನೆಯ ಘಟಕದಲ್ಲಿ, ಎಚ್-ಇಂಡೆಕ್ಸ್, ಜಿ-ಇಂಡೆಕ್ಸ್ ಎಂಬ ಸೂಚ್ಯಂಕಗಳ ಜೊತೆ. ಪುಣೆ, ಮುಂಬೈಯಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಹೆಚ್ಚಿನವರು ಇವನ್ನು ಬೇರೆ ಬೇರೆ ಪಾಠ ಅಂತಲೇ ಓದಿ ಮುಗಿಸುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ ಪಾಠ. ಪೇಪರಿನ ಪಾಲು ಹಂಚುವ ಯಾವ ಸೂತ್ರ ತೆಗೆದುಕೊಂಡರೂ ಅದರೊಳಗೆ 'ಲೇಖಕರು ಅಂದರೆ ಇಂಥವರು' ಎಂಬ ತೀರ್ಮಾನ ಮೊದಲೇ ಕೂತಿರುತ್ತದೆ. ಲೆಕ್ಕ ಹಾಕಿಯೇ ನೋಡೋಣ.

ಒಂದೇ ಪೇಪರ್, ಹಲವು ಲೆಕ್ಕ

ನಾಲ್ವರು ಸೇರಿ ಬರೆದ ಒಂದು ವಿಜ್ಞಾನದ ಪೇಪರ್ ಇದೆ ಅಂದುಕೊಳ್ಳಿ. ಮೊದಲ ಹೆಸರು ಸ್ಕಾಲರ್‌ದು. ನಡುವೆ ಇಬ್ಬರು. ಕೊನೆಗೆ ಗೈಡ್, ಅವರೇ ಕರೆಸ್ಪಾಂಡಿಂಗ್ ಆಥರ್, ಅಂದರೆ ಜರ್ನಲ್ ಜೊತೆ ಪತ್ರವ್ಯವಹಾರ ನಡೆಸುವವರು.

ಮೊದಲನೆಯದು ಪೂರ್ಣ ಎಣಿಕೆ. ನಾಲ್ವರಿಗೂ ಒಂದೊಂದು ಪೇಪರ್ ಅಂತ ಬರೆದುಕೊಳ್ಳುವುದು. ಸುಲಭ. ಆದರೆ ಇದ್ದ ಒಂದು ಪೇಪರ್ ಪಟ್ಟಿಯಲ್ಲಿ ನಾಲ್ಕಾಯಿತು. ಎರಡನೆಯದು ಭಾಗದ ಎಣಿಕೆ. ಒಂದನ್ನು ನಾಲ್ಕರಿಂದ ಭಾಗಿಸಿ ತಲಾ 0.25 ಕೊಡುವುದು. ಮೊತ್ತ ಸರಿಹೋಯಿತು, ಆದರೆ ವರ್ಷಗಟ್ಟಲೆ ದುಡಿದವರಿಗೂ ಒಂದು ಮಧ್ಯಾಹ್ನ ಯಂತ್ರ ಓಡಿಸಿ ಕೊಟ್ಟವರಿಗೂ ಸಮ ಪಾಲು.

ಮೂರನೆಯದು ಹಾರ್ಮೋನಿಕ್ ಎಣಿಕೆ. ಮೊದಲ ಹೆಸರಿಗೆ 1, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೇ ಒಂದು, ನಾಲ್ಕನೆಯದಕ್ಕೆ ಕಾಲು. ಇವನ್ನು ಕೂಡಿಸಿ, ಒಬ್ಬೊಬ್ಬರ ತೂಕವನ್ನೂ ಆ ಮೊತ್ತದಿಂದ ಭಾಗಿಸಬೇಕು. ಆಗ ಬರುವುದು 0.48, 0.24, 0.16, 0.12. ಒಟ್ಟು ಒಂದೇ. ನೋಡಲು ನ್ಯಾಯವಾಗಿದೆ, ಅಲ್ವಾ? ಆದರೆ ಗೈಡ್‌ಗೆ ಎಲ್ಲರಿಗಿಂತ ಕಮ್ಮಿ ಬಂತು. ಪ್ರಯೋಗಾಲಯದ ವಿಜ್ಞಾನಗಳಲ್ಲಿ ಕೊನೆಯ ಹೆಸರು ಅಂದರೆ ಲ್ಯಾಬಿನ ಯಜಮಾನರದು. ಈ ಸೂತ್ರಕ್ಕೆ ಅದು ಗೊತ್ತೇ ಇಲ್ಲ. ಹಾಗಾಗಿ ಕೊನೆಯ ಹೆಸರಿಗೂ ಮೊದಲಿನಷ್ಟೇ ತೂಕ ಕೊಡುವ ತಿದ್ದುಪಡಿಗಳು ಬಂದಿವೆ.

ಇನ್ನು ನಮ್ಮ ಹೊಟ್ಟೆಪಾಡಿಗೆ ಸಂಬಂಧಿಸಿದ ಲೆಕ್ಕ, ಅಧ್ಯಾಪಕರ ನೇಮಕಾತಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹಾಕುವಂಥದ್ದು. 2018ರ ನಿಯಮದಲ್ಲಿ ವಿಜ್ಞಾನದ ಒಂದು ಪೇಪರಿಗೆ 8 ಅಂಕ, ಭಾಷೆ ಮತ್ತು ಮಾನವಿಕಗಳಿಗೆ 10. ಇಬ್ಬರು ಬರೆದರೆ ಇಬ್ಬರಿಗೂ ತಲಾ 70 ಪರ್ಸೆಂಟ್. ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಮೊದಲ/ಪ್ರಧಾನ/ಕರೆಸ್ಪಾಂಡಿಂಗ್ ಲೇಖಕರಿಗೆ 70, ಉಳಿದ ಪ್ರತಿಯೊಬ್ಬರಿಗೂ 30. ನಮ್ಮ ಪೇಪರಿಗೆ ಹಚ್ಚಿ ನೋಡಿ. ಸ್ಕಾಲರ್‌ಗೆ 5.6. ಉಳಿದ ಮೂವರಿಗೆ ತಲಾ 2.4. ಒಟ್ಟು 12.8. ಎಂಟು ಅಂಕದ ಪೇಪರ್ ಹನ್ನೆರಡೂ ಮುಕ್ಕಾಲಿಗಿಂತ ಹೆಚ್ಚು ಅಂಕ ಹಂಚಿತು! ಹತ್ತು ಜನ ಇದ್ದಿದ್ದರೆ 27.2 ಆಗುತ್ತಿತ್ತು. ಮೂವರಾದ ಮೇಲೆ ಹೆಸರು ಸೇರಿಸಿದಷ್ಟೂ ಅಂಕ ಹುಟ್ಟುತ್ತದೆ, ಯಾರ ಪಾಲೂ ಕಮ್ಮಿಯಾಗುವುದಿಲ್ಲ. ಹೀಗಿರುವಾಗ 'ನಮ್ಮ ಸರ್ ಹೆಸರೂ ಒಂದು ಹಾಕಿಬಿಡಿ' ಅಂದರೆ ಬೇಡ ಅನ್ನುವವರು ಯಾರು?

2010ರ ನಿಯಮ ಹೀಗಿರಲಿಲ್ಲ. ಮೊದಲ ಲೇಖಕರು ಮತ್ತು ಪ್ರಧಾನ ಲೇಖಕರು ಅಥವಾ ಗೈಡ್ ಸೇರಿ 60 ಪರ್ಸೆಂಟನ್ನು ಸಮನಾಗಿ ಹಂಚಿಕೊಳ್ಳಬೇಕು, ಉಳಿದ 40 ಮಿಕ್ಕವರಿಗೆ ಅಂತಿತ್ತು. ಅದೇ 8 ಅಂಕಕ್ಕೆ ಹಚ್ಚಿದರೆ ಸ್ಕಾಲರ್ ಮತ್ತು ಗೈಡ್‌ಗೆ ತಲಾ 2.4, ನಡುವಿನವರಿಗೆ ತಲಾ 1.6. ಒಟ್ಟು 8, ಸರಿಯಾಗಿ. ಅಲ್ಲಿ ಹೆಸರು ಸೇರಿಸಿದರೆ ಯಾರದ್ದೋ ಪಾಲು ಕರಗುತ್ತಿತ್ತು. ಇಲ್ಲಿ ಹಾಗಿಲ್ಲ.

ಇನ್ನೊಂದು ತೊಡಕು 2018ರ ನಿಯಮದ 'ಮೊದಲ/ಪ್ರಧಾನ/ಕರೆಸ್ಪಾಂಡಿಂಗ್' ನಡುವಿನ ಓರೆಗೆರೆಯದು. ಮೊದಲ ಲೇಖಕರು ಒಬ್ಬರು, ಕರೆಸ್ಪಾಂಡಿಂಗ್ ಇನ್ನೊಬ್ಬರು ಆದರೆ 70 ಯಾರಿಗೆ? ಇಬ್ಬರಿಗೂ ಅಂತ ಓದಿದರೆ ನಮ್ಮ ಪೇಪರಿನ ಮೊತ್ತ 16. ಒಬ್ಬರಿಗೇ ಅಂತ ಓದಿದರೆ 12.8. ಇದು ಸಣ್ಣ ಮಾತಲ್ಲ. ಪ್ರೊಫೆಸರ್ ಹುದ್ದೆಯ ನೇರ ನೇಮಕಾತಿಗೆ ಕನಿಷ್ಠ 120 ಸಂಶೋಧನಾ ಅಂಕ ಬೇಕು. ಇಂಪ್ಯಾಕ್ಟ್ ಫ್ಯಾಕ್ಟರಿನ (ಜರ್ನಲಿನ ಪೇಪರುಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಎಂಬ ಅಳತೆಯ) ಹೆಚ್ಚುವರಿ ಅಂಕ ಬದಿಗಿಟ್ಟು, ಬರೀ ಇಂಥ ಪೇಪರುಗಳಿಂದಲೇ ಅಷ್ಟು ಕೂಡಿಸಬೇಕೆಂದರೆ 5.6ರ ಲೆಕ್ಕದಲ್ಲಿ 22 ಪೇಪರ್ ಸಾಕು. 2.4ರ ಲೆಕ್ಕದಲ್ಲಿ 50 ಬೇಕು.

ಯಾವ ಜರ್ನಲ್ ಲೆಕ್ಕಕ್ಕೆ ಬರುತ್ತದೆ ಎಂದು ಹೇಳುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯ ಕೆಲಸ ನಡೆಯುತ್ತಿದ್ದುದು ಇಲ್ಲೇ ಪುಣೆಯಲ್ಲಿ, ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ. ಆ ಪಟ್ಟಿಯನ್ನು ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ಯುಜಿಸಿ ಹೇಳಿತು. ಹಳೆಯ ನೋಟ್ಸ್ ಇಟ್ಟುಕೊಂಡವರು ಆ ಸಾಲು ತಿದ್ದಿಕೊಳ್ಳಿ.

ಎಚ್-ಇಂಡೆಕ್ಸ್ ಯಾವ ಎಣಿಕೆ?

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಕೊಟ್ಟದ್ದು. ಕನಿಷ್ಠ 10 ಸೈಟೇಶನ್ (ಬೇರೆ ಪೇಪರುಗಳಲ್ಲಿ ಉಲ್ಲೇಖ) ಇರುವ ಪೇಪರ್ 10 ಇದ್ದರೆ ಎಚ್ 10. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಗಮನಿಸಬೇಕಾದದ್ದು ಬೇರೆ. ಇದು ಪೂರ್ಣ ಎಣಿಕೆಯ ಮೇಲೆ ನಿಂತಿದೆ. ಒಬ್ಬರೇ ಬರೆದರೂ ಸಾವಿರ ಜನ ಬರೆದರೂ ಸೈಟೇಶನ್ ಪೂರ್ತಿ ನಿಮ್ಮ ಖಾತೆಗೆ. ಈ ಕೊರತೆ ಹಿರ್ಷ್‌ಗೂ ಗೊತ್ತಿತ್ತು. ಸಹಲೇಖಕರನ್ನು ಲೆಕ್ಕಕ್ಕೆ ಹಿಡಿಯುವ ಇನ್ನೊಂದು ಸೂಚ್ಯಂಕವನ್ನು 2010ರಲ್ಲಿ ಅವರೇ ಮುಂದಿಟ್ಟರು. ಅದು ಬಳಕೆಗೆ ಬರಲಿಲ್ಲ. ಸುಲಭದ ಅಂಕಿಯೇ ಗೆದ್ದಿತು.

2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿ ಅಳೆದ ಪೇಪರಿನಲ್ಲಿ 5,154 ಲೇಖಕರಿದ್ದರು. 33 ಪುಟದಲ್ಲಿ ವಿಷಯ 9 ಪುಟ, ಹೆಸರು ಮತ್ತು ಸಂಸ್ಥೆಗಳು 24 ಪುಟ. ಭಾಗದ ಎಣಿಕೆಯಲ್ಲಿ ಒಬ್ಬೊಬ್ಬರಿಗೆ ಸುಮಾರು 0.0002. ಅವರೆಲ್ಲ ನಮ್ಮ ದೇಶದ ಅಧ್ಯಾಪಕರಾಗಿದ್ದರೆ 2018ರ ನಿಯಮದಂತೆ ಆ 8 ಅಂಕದ ಪೇಪರಿನಿಂದ ಹುಟ್ಟುತ್ತಿದ್ದುದು 12,372.8 ಅಂಕ. ಸುಮ್ನೆ ತಮಾಷೆಗೆ ಹಾಕಿದ ಲೆಕ್ಕ, ಆದರೆ ಸೂತ್ರ ಯುಜಿಸಿಯದೇ.

ಹೆಸರಿನ ಸಾಲು

ಗಣಿತ, ಅರ್ಥಶಾಸ್ತ್ರದಲ್ಲಿ ಅಕ್ಷರಮಾಲೆಯ ಕ್ರಮವೇ ರೂಢಿ. ಅಲ್ಲಿ ಮೊದಲ ಹೆಸರಿಗೆ ಏನೂ ಅರ್ಥವಿಲ್ಲ. ಹಾರ್ಮೋನಿಕ್ ಎಣಿಕೆ ಹಚ್ಚಿದರೆ ಅಂಕ ಸಿಗುವುದು ಕೆಲಸಕ್ಕಲ್ಲ, ಇಂಗ್ಲಿಷಿನ ಎ ಅಕ್ಷರಕ್ಕೆ. ಅಡಿಗರಿಗೆ ಲಾಭ, ಯಲಿಗಾರರಿಗೆ ನಷ್ಟ. 2006ರಲ್ಲಿ ಐನಾವ್ ಮತ್ತು ಯಾರೀವ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ದೊಡ್ಡ ಅರ್ಥಶಾಸ್ತ್ರ ವಿಭಾಗಗಳನ್ನು ನೋಡಿದರು. ಅಡ್ಡಹೆಸರಿನ ಅಕ್ಷರ ಮುಂದಿದ್ದವರಿಗೆ ಕಾಯಂ ಹುದ್ದೆ ಸಿಗುವ ಸಾಧ್ಯತೆ ಜಾಸ್ತಿ ಇತ್ತು. ಅಕ್ಷರ ಕ್ರಮ ಪಾಲಿಸದ ಮನಶ್ಶಾಸ್ತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಹೇಳಬೇಕಾದ್ದು: ಈ ಲೇಖಕರಿಬ್ಬರ ಹೆಸರೂ ಅಕ್ಷರ ಕ್ರಮದಲ್ಲೇ ಇದೆ.

ಪುಣೆಯವರಿಗೆ ಹತ್ತಿರದ ಉದಾಹರಣೆ ಗುರುತ್ವ ಅಲೆಗಳದು. ಅವು ಪತ್ತೆಯಾದುದನ್ನು ತಿಳಿಸಿ 2016ರ ಫೆಬ್ರವರಿಯಲ್ಲಿ ಬಂದ ಪೇಪರಿಗೆ ಸಾವಿರಕ್ಕೂ ಹೆಚ್ಚು ಲೇಖಕರು. ಗಣೇಶಖಿಂಡದ ಕ್ಯಾಂಪಸ್ಸಿನಲ್ಲಿರುವ ಖಗೋಳ ಸಂಶೋಧನಾ ಸಂಸ್ಥೆ ಐಯುಕಾದವರೂ ಅದರಲ್ಲಿದ್ದಾರೆ. ಅಕ್ಷರ ಕ್ರಮದಲ್ಲಿ ಮೊದಲು ಬಂದದ್ದು ಬಿ. ಪಿ. ಅಬಾಟ್. ಹಾಗಾಗಿ ಜಗತ್ತಿನಾದ್ಯಂತ ಅದು 'ಅಬಾಟ್ ಮತ್ತಿತರರು' ಅಂತಲೇ ಉಲ್ಲೇಖವಾಗುತ್ತದೆ. ಅದೇ ಕೆಲಸಕ್ಕೆ 2017ರ ನೊಬೆಲ್ ಬಂದದ್ದು ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್‌ಗೆ, ಒಂದು ವಿಷಯಕ್ಕೆ ಮೂವರಿಗಿಂತ ಹೆಚ್ಚು ಜನರಿಗೆ ಆ ಬಹುಮಾನ ಕೊಡುವಂತಿಲ್ಲ. ಪಟ್ಟಿಯ ಮೊದಲ ಹೆಸರು, ಪಟ್ಟಿಯಲ್ಲಿರುವ ಸಾವಿರ ಹೆಸರು, ಬಹುಮಾನದ ಮೂರು ಹೆಸರು: ಒಂದೇ ಕೆಲಸಕ್ಕೆ ಮೂರು ಬಗೆಯ ಲೇಖಕರು.

ಬರೆದವರು ಮತ್ತು ಮಾಡಿದವರು

ವೈದ್ಯಕೀಯ ಜರ್ನಲ್ ಸಂಪಾದಕರ ಐಸಿಎಂಜೆಇ ಕೂಟ ಲೇಖಕರಿಗೆ ನಾಲ್ಕು ಷರತ್ತು ಹಾಕುತ್ತದೆ. ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುಪಡಿಯಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಪೇಪರಿನ ಬಗ್ಗೆ ಪ್ರಶ್ನೆ ಬಂದರೆ ಉತ್ತರ ಹೇಳುವ ಹೊಣೆ. ಕೊನೆಯದು ಸೇರಿದ್ದು 2013ರಲ್ಲಿ. ನಾಲ್ಕೂ ಇರಬೇಕು. ಹಣ ತಂದದ್ದಕ್ಕೆ, ವಿಭಾಗದ ಮುಖ್ಯಸ್ಥರಾಗಿದ್ದಕ್ಕೆ ಹೆಸರು ಹಾಕುವಂತಿಲ್ಲ. ಎಐ ಟೂಲ್ ಲೇಖಕ ಆಗಲಾರದು, ಯಾಕೆಂದರೆ ಹೊಣೆ ಹೊರಲಾರದು.

ಇಲ್ಲಿ ಸ್ಕಾಲರ್‌ಗಳು ಗಮನಿಸಬೇಕಾದ ಒಂದು ಸಾಲಿದೆ. ಡೇಟಾ ತೆಗೆದವರಿಗೆ ಕರಡನ್ನೇ ತೋರಿಸದೆ, ಆಮೇಲೆ 'ನೀನು ಬರೆದಿಲ್ಲವಲ್ಲ' ಅಂತ ಹೆಸರು ಬಿಡುವುದಕ್ಕೆ ಈ ಷರತ್ತುಗಳನ್ನು ಬಳಸಬಾರದು. ಕೆಲಸ ಮಾಡಿದವರಿಗೆಲ್ಲ ಕರಡು ನೋಡುವ, ತಿದ್ದುವ, ಒಪ್ಪುವ ಅವಕಾಶ ಕೊಡಬೇಕು ಅಂತ ಆ ನಿಯಮದಲ್ಲೇ ಇದೆ. ಕ್ಲಾಸಿನ ಸ್ಲೈಡುಗಳಲ್ಲಿ ನಾಲ್ಕು ಷರತ್ತು ಇರುತ್ತವೆ, ಈ ಸಾಲು ಬಿಟ್ಟುಹೋಗುವುದೇ ಹೆಚ್ಚು.

ಷರತ್ತುಗಳ ಬದಲು ಕೆಲಸವನ್ನೇ ಹೆಸರಿಸುವುದು ಕ್ರೆಡಿಟ್ (CRediT) ಎಂಬ ವರ್ಗೀಕರಣ. ಅದರಲ್ಲಿ 14 ಪಾತ್ರಗಳಿವೆ: ಕಲ್ಪನೆ, ವಿಧಾನ, ಸಾಫ್ಟ್‌ವೇರ್, ಪ್ರಯೋಗ, ಡೇಟಾ ಜೋಡಣೆ, ಕರಡು, ತಿದ್ದುವಿಕೆ, ಹಣ ತರುವುದು ಹೀಗೆ. ಪ್ರತಿಯೊಂದಕ್ಕೂ ಮುಖ್ಯ, ಸಮಾನ, ಸಹಾಯಕ ಅಂತ ಪ್ರಮಾಣವನ್ನೂ ಬರೆಯಬಹುದು. 2022ರಲ್ಲಿ ಇದು ಅಮೆರಿಕದ ಅಧಿಕೃತ ಮಾನದಂಡವಾಯಿತು.

ಇದು ಮಾನವಿಕಗಳಿಗೆ ಹೇಗೆ ಹೊಂದುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತದ ಸಂಶೋಧಿತ ಆವೃತ್ತಿ 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿಯಿತು. ಪ್ರಧಾನ ಸಂಪಾದಕರು ಮೂವರು. ವಿ. ಎಸ್. ಸುಕ್ಥಣಕರ್ 1943ರಲ್ಲಿ ತೀರಿಕೊಂಡರು, ಆಮೇಲೆ ಎಸ್. ಕೆ. ಬೇಲ್ವಲ್ಕರ್, ಕೊನೆಗೆ ಪಿ. ಎಲ್. ವೈದ್ಯ. ಅವರ ಹಿಂದೆ ಬೇರೆ ಬೇರೆ ಲಿಪಿಗಳ ಹಸ್ತಪ್ರತಿ ಎದುರಿಗಿಟ್ಟುಕೊಂಡು, ಶ್ಲೋಕ ಶ್ಲೋಕಕ್ಕೂ ಪಾಠಭೇದವನ್ನು ಹಾಳೆಗೆ ಇಳಿಸಿದವರು ಎಷ್ಟೋ ಜನ. ಅಕ್ಷರ ತಪ್ಪು ಓದಿದರೆ ಇಡೀ ಪಾಠವೇ ದಾರಿ ತಪ್ಪುವ ಕೆಲಸ ಅದು. ಪೂರ್ಣ ಎಣಿಕೆ, ಭಾಗದ ಎಣಿಕೆ ಎರಡೂ ಮುಖಪುಟದ ಹೆಸರಿನಿಂದ ಶುರುವಾಗುತ್ತವೆ. ಹಾಳೆ ತುಂಬಿದವರು ಅವುಗಳ ಕಣ್ಣಿಗೇ ಬೀಳುವುದಿಲ್ಲ. ಕ್ರೆಡಿಟ್ ಪಟ್ಟಿಯಲ್ಲಿ ಅವರಿಗೆ 'ಡೇಟಾ ಜೋಡಣೆ' ಅಂತ ಒಂದು ಖಾನೆಯಾದರೂ ಸಿಗುತ್ತಿತ್ತು. ಆ ಪದ ಅವರ ಓದಿನ ಆಳಕ್ಕೆ ಸಾಲದು ಅಂತ ನನಗನ್ನಿಸುತ್ತದೆ. ಕಲಿನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲೋ ಬೇರೆಡೆಯೋ ಹಳೆಯ ಪಠ್ಯಗಳ ಮೇಲೆ ಕೆಲಸ ಮಾಡುವವರು ಇದನ್ನು ಯೋಚಿಸಿ ನೋಡಬೇಕು.

ಕರ್ತೃತ್ವದ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಕರಣ ಒಂದಿದೆ. 1968ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 'ಮ್ಯಾಥ್ಯೂ ಪರಿಣಾಮ' ಎಂಬ ವಿಚಾರ ಮಂಡಿಸಿದರು. ಹೆಸರಾದವರೂ ಹೆಸರಿಲ್ಲದವರೂ ಕೂಡಿ ಮಾಡಿದ ಕೆಲಸದ ಶ್ರೇಯ ಹೆಸರಾದವರಿಗೇ ಹೋಗುತ್ತದೆ ಎಂಬುದು ಅದರ ತಿರುಳು. ಇದಕ್ಕೆ ಆಧಾರ ಬಹುಪಾಲು ಹ್ಯಾರಿಯೆಟ್ ಜುಕರ್‌ಮನ್ ನೊಬೆಲ್ ವಿಜೇತರೊಡನೆ ನಡೆಸಿದ ಸಂದರ್ಶನಗಳು. ಪೇಪರಿನ ಮೇಲೆ ಇದ್ದದ್ದು ಮರ್ಟನ್ ಹೆಸರೊಂದೇ. 1973ರಲ್ಲಿ ಅದು ಮತ್ತೆ ಅಚ್ಚಾದಾಗ, ಇದು ಇಬ್ಬರ ಹೆಸರಿನಲ್ಲಿ ಬರಬೇಕಿತ್ತು ಅಂತ ಮರ್ಟನ್ ಅವರೇ ಅಡಿಟಿಪ್ಪಣಿಯಲ್ಲಿ ಬರೆದರು. ಅಷ್ಟರಲ್ಲಿ ಸೈಟೇಶನ್‌ಗಳೆಲ್ಲ ಅವರೊಬ್ಬರ ಹೆಸರಿನಲ್ಲಿ ಬೆಳೆದಿದ್ದವು. ಹೆಂಗಸರ ಕೆಲಸ ಹೀಗೆ ಮರೆಯಾಗುವುದಕ್ಕೆ 1993ರಲ್ಲಿ ಮಾರ್ಗರೆಟ್ ರಾಸಿಟರ್ 'ಮಟಿಲ್ಡಾ ಪರಿಣಾಮ' ಅಂತ ಹೆಸರಿಟ್ಟರು. ಸೈಟೇಶನ್ ಎಣಿಸುವ ಯಾವ ಸೂತ್ರವೂ ಆ ಅಡಿಟಿಪ್ಪಣಿಯನ್ನು ಓದುವುದಿಲ್ಲ.

ನಮ್ಮ ಹೆಸರಿನ ಪಾಡು

ಮಹಾರಾಷ್ಟ್ರದ ಫಾರ್ಮುಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಅಂತ ಮೂರು ಖಾನೆ. ಧಾರವಾಡ, ವಿಜಯಪುರದ ಕಡೆಯವರಿಗೆ ತೊಂದರೆಯಿಲ್ಲ. ತುಮಕೂರು, ಮೈಸೂರಿನವರಿಗೆ ಇರುವುದು ಇನಿಶಿಯಲ್ ಮಾತ್ರ. 'ಮಂಜುನಾಥ ಎಚ್. ಆರ್.' ಅಂತ ಬರೆದರೆ ಕೆಲವು ಡೇಟಾಬೇಸುಗಳು ಎಚ್. ಆರ್. ಅನ್ನೇ ಅಡ್ಡಹೆಸರು ಮಾಡಿಬಿಡುತ್ತವೆ. ಒಂದು ಪೇಪರಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಆದರೆ ಒಬ್ಬರೇ ಇಬ್ಬರಾಗಿ ಎಚ್-ಇಂಡೆಕ್ಸ್ ಒಡೆಯುತ್ತದೆ. ಉತ್ತರ ಕರ್ನಾಟಕದವರದು ಇದರ ಉಲ್ಟಾ: 'ಎಸ್. ಪಾಟೀಲ' ಎಂಬ ಹೆಸರಿನಡಿ ಎಷ್ಟೋ ಪಾಟೀಲರು ಒಂದೇ ವ್ಯಕ್ತಿಯಾಗಿ ಕೂಡಿಕೊಳ್ಳುತ್ತಾರೆ.

2012ರಲ್ಲಿ ಶುರುವಾದ ಆರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ಸಂಖ್ಯೆ ಇದಕ್ಕೆಂದೇ ಇದೆ. 16 ಅಂಕಿ, ಉಚಿತ, ಒಬ್ಬರಿಗೆ ಒಂದೇ. ವಚನಕಾರರ ಅಂಕಿತ ಇದ್ದಂತೆ. ಅಂಕಿತ ನೋಡಿ ಯಾರ ವಚನ ಅಂತ ಹೇಳುತ್ತೇವೆ, ಆದರೆ ಬೇರೆಯವರು ಅದೇ ಅಂಕಿತ ಹಾಕಿ ಸೇರಿಸಿದ ವಚನಗಳೂ ಇರುವುದರಿಂದ ವಿದ್ವಾಂಸರು ಅಷ್ಟಕ್ಕೇ ನಿಲ್ಲುವುದಿಲ್ಲ. ಆರ್ಕಿಡ್ ಕೂಡ ಯಾವ ಮಂಜುನಾಥ ಅಂತ ಹೇಳುತ್ತದೆ. ಅವರು ಆ ಪೇಪರಿಗೆ ಏನು ಮಾಡಿದರು ಅಂತ ಹೇಳುವುದಿಲ್ಲ.

ಮೊದಲ ಪೇಪರ್ ಕಳಿಸುವ ಮುಂಚೆ ಹೆಸರಿನ ಒಂದೇ ರೂಪ ನಿಕ್ಕಿ ಮಾಡಿಕೊಳ್ಳಿ, ಆರ್ಕಿಡ್ ತೆಗೆದುಕೊಳ್ಳಿ. ಹೆಸರಿನ ಕ್ರಮ ಮತ್ತು ಕರೆಸ್ಪಾಂಡಿಂಗ್ ಯಾರು ಎಂಬುದನ್ನು ಕರಡು ಶುರುವಾಗುವಾಗಲೇ ಗೈಡ್ ಹತ್ತಿರ ಕೇಳಿ, ಇಮೇಲಿನಲ್ಲಿ ಬರೆದಿಟ್ಟುಕೊಳ್ಳಿ. 'ಸರ್, ಕ್ರೆಡಿಟ್ ಹೇಳಿಕೆಗೆ ಬೇಕಿತ್ತು' ಅಂದರೆ ಕೇಳುವುದಕ್ಕೆ ಅಷ್ಟು ಮುಜುಗರವೂ ಆಗುವುದಿಲ್ಲ.